ಹೆಡ್‌ಫೋನ್ ಆಂಪ್ಲಿಫೈಯರ್: ರೊಕ್ಕ ಕೊಡೂಕಿಂತ ಮೊದ್ಲ ಲೆಕ್ಕ ಮಾಡ್ರಿ

ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯ ನಾವು ನಾಲ್ಕು ಮಂದಿ ಕೂಡಿದರೆ ಈಗ ಇದೇ ಚರ್ಚೆ. ಛಲೋ ಹೆಡ್‌ಫೋನ್ ತಗೊಂಡಾಯ್ತು, ಇನ್ನು ಆಂಪ್ಲಿಫೈಯರ್ ಯಾವುದು? ಹತ್ತು ಸಾವಿರದ್ದೋ, ಐವತ್ತು ಸಾವಿರದ್ದೋ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಯೇ ಇಲ್ಲ. ಬೇಕಾದವರು ಬೆಲೆ ನೋಡಿ ಆರಿಸಬಾರದು. ಪಿಯುಸಿಯಲ್ಲಿ ಕಲಿತ ಓಮ್‌ನ ನಿಯಮ ಸಾಕು.

ಮೊದಲನೇ ಲೆಕ್ಕ ವೋಲ್ಟೇಜಿಂದು. ಸೆನ್‌ಹೈಸರ್ ಎಚ್‌ಡಿ 650 ತಗೊಳ್ರಿ. ಅದರ ಇಂಪೀಡೆನ್ಸ್ 300 ಓಮ್. 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರ್ತದೆ. ಭೀಮಸೇನ ಜೋಶಿಯವರ ತಾನ ಒಮ್ಮೆಲೇ ತಾರಸಪ್ತಕಕ್ಕೆ ಏರುವಂಥ ಕ್ಷಣಗಳಿಗೆ 110 ಡೆಸಿಬೆಲ್‌ವರೆಗೂ ಜಾಗ ಇರಲಿ ಅಂದುಕೊಂಡರೂ ಸುಮಾರು 2.2 ವೋಲ್ಟ್ ಸಾಕು. ಪವರ್ ಲೆಕ್ಕದಲ್ಲಿ ಅದು ಬರೀ 17 ಮಿಲಿವ್ಯಾಟ್! ಆಡಿಯೋ-ಟೆಕ್ನಿಕಾ ಎಂ50ಎಕ್ಸ್ 38 ಓಮ್‌ನದು, 1 ಮಿಲಿವ್ಯಾಟ್‌ಗೆ 99 ಡೆಸಿಬೆಲ್. ಅದಕ್ಕೆ 0.7 ವೋಲ್ಟ್ ಸಾಕು. ಫೋನಿಗೆ ಹಚ್ಚುವ ಸಣ್ಣ ಡಾಂಗಲ್ ಕೂಡ ಇಷ್ಟನ್ನು ಕೊಡಬಲ್ಲದು. ನಿಜವಾಗಿ ಆಂಪ್ಲಿಫೈಯರ್ ಬೇಡುವುದು ಹೈಫೈಮ್ಯಾನ್ ಎಚ್‌ಇ-6 ಥರದ ಪ್ಲೇನಾರ್ ಹೆಡ್‌ಫೋನ್. 50 ಓಮ್, 83.5 ಡೆಸಿಬೆಲ್. ಅದೇ ಮಟ್ಟ ಮುಟ್ಟಲು ಅದಕ್ಕೆ ಸುಮಾರು 450 ಮಿಲಿವ್ಯಾಟ್ ಬೇಕು.

ಎರಡನೇದು ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್. ಇದು ಹೆಡ್‌ಫೋನ್‌ನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಅನ್ನೋದು ರೂಢಿಯ ನಿಯಮ. ಕಾರಣ ಬರೀ ವೋಲ್ಟೇಜ್ ಡಿವೈಡರ್. ಎಚ್‌ಡಿ 650ರ ಇಂಪೀಡೆನ್ಸ್ ಬೇಸ್ ಭಾಗದಲ್ಲಿ 500 ಓಮ್ ಹತ್ತಿರ ಏರುತ್ತದೆ. ಅದನ್ನು 120 ಓಮ್‌ನ ಜ್ಯಾಕಿಗೆ ಹಚ್ಚಿದರೆ ಬೇಸ್ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. ತಬಲಾದ ಡಗ್ಗಾ ಸ್ವಲ್ಪ ದಪ್ಪಗೆ ಕೇಳಿಸ್ತದೆ, ಮಂದಿ ಅದನ್ನೇ "ವಾರ್ಮ್ ಸೌಂಡ್" ಅಂತ ಹೊಗಳ್ತಾರೆ. ಡಿವೈಡರ್ ಮಾಡಿದ ಕೆಲಸಕ್ಕೆ ಆಂಪ್ಲಿಫೈಯರ್‌ಗೆ ಶಾಭಾಸ್‌ಗಿರಿ!

ಈ ಎರಡೂ ಲೆಕ್ಕ ಸದ್ದಿಲ್ಲದ ಕೋಣೆಗೆ ಸರಿ. ರಬಕವಿ-ಬನಹಟ್ಟಿಯ ಓಣಿಯಲ್ಲಿ ಅಂಥ ಕೋಣೆ ಎಲ್ಲಿದೆ? ಪಕ್ಕದ ಗೋಡೆಯಾಚೆ ಮಗ್ಗ ಖಟಖಟ ಅಂತಿರ್ತದೆ. ಎಚ್‌ಡಿ 650 ಹಿಂಬದಿ ತೆರೆದ ಮಾದರಿ, ಮಗ್ಗದ ಸದ್ದು ಸೀದಾ ಕಿವಿಗೇ ಬರ್ತದೆ. ಆಂಪ್ಲಿಫೈಯರ್ ಆ ಸದ್ದನ್ನು ತಡೆಯಲಾರದು. ನಾವು ಮಾಡೋದು ಒಂದೇ, ವಾಲ್ಯೂಮ್ ಏರಿಸೋದು. ಇಲ್ಲಿ ಪಣಕ್ಕಿಟ್ಟದ್ದು ರೊಕ್ಕ ಅಷ್ಟೇ ಆಗಿದ್ದರೆ ನಾನು ಸುಮ್ಮನಿರ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ತಾಸು ಸುರಕ್ಷಿತ ಅಂತದೆ. 90ಕ್ಕೆ ಏರಿಸಿದರೆ ವಾರಕ್ಕೆ ಬರೀ 4 ತಾಸು. ದಿನವಿಡೀ ಮಗ್ಗದ ಮುಂದೆ ನಿಂತು ದುಡಿಯುವವರ ಕಿವಿ ಮೊದಲೇ ದಣಿದಿರ್ತದೆ. ಅಂಥ ಮನೆಯ ಹುಡುಗ ರಾತ್ರಿ ಹೆಡ್‌ಫೋನ್ ಹಾಕಿ ಮತ್ತಷ್ಟು ಸದ್ದು ತುಂಬಿಕೊಳ್ಳಬೇಕೇ? ಒಮ್ಮೆ ಹೋದ ಕಿವಿಗೆ ಸ್ಪೇರ್ ಪಾರ್ಟ್ ಸಿಗಲ್ಲ.

ಅದಕ್ಕೇ ನನ್ನ ಕ್ರಮ ಹೀಗಿದೆ: ಮೊದಲು ಹೊರಗಿನ ಸದ್ದು ತಡೆಯುವ, ಹಿಂಬದಿ ಮುಚ್ಚಿದ ಹೆಡ್‌ಫೋನ್; ಆಮೇಲೆ ಒಳ್ಳೆಯ ರೆಕಾರ್ಡಿಂಗ್; ಕೊನೆಗೆ, ಲೆಕ್ಕ ಬೇಕೇ ಬೇಕು ಅಂದರೆ ಮಾತ್ರ, ಆಂಪ್ಲಿಫೈಯರ್. ಗಂಗೂಬಾಯಿ ಹಾನಗಲ್ಲರ ಹಳೇ 78 ಆರ್‌ಪಿಎಂ ತಟ್ಟೆಯ ಚರಚರ ಸದ್ದು ಐವತ್ತು ಸಾವಿರದ ಡಬ್ಬಿಯಲ್ಲೂ ಚರಚರವೇ.

ಬೇಕೇ ಬೇಕು ಅನ್ನುವವರು ಒಂದು ಮಾಡಿ ನೋಡ್ರಿ. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಅನ್ನುವ ಅಡ್ಡಹೆಸರಿನ, ಇಂದಿಗೂ ಗುರುತು ಬಿಡದ ಎಂಜಿನಿಯರ್ ಒಬ್ಬರು "ಒ2" ಆಂಪ್ಲಿಫೈಯರ್‌ನ ಸರ್ಕ್ಯೂಟ್, ಪಿಸಿಬಿ, ಅಳತೆ ಎಲ್ಲವನ್ನೂ ಬಹಿರಂಗವಾಗಿ ಕೊಟ್ಟರು. ಔಟ್‌ಪುಟ್ ಇಂಪೀಡೆನ್ಸ್ 1 ಓಮ್‌ಗೂ ಕಡಿಮೆ. ಎರಡು 9 ವೋಲ್ಟ್ ರೀಚಾರ್ಜೆಬಲ್ ಬ್ಯಾಟರಿ ಮೇಲೂ ನಡೆಯುತ್ತದೆ. ಕರೆಂಟ್ ಹೋದರೂ ಹಾಡು ನಿಲ್ಲಲ್ಲ. ನಮ್ಮ ಲ್ಯಾಬಿನಲ್ಲಿ ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರ್, ಆಸಿಲೋಸ್ಕೋಪ್ ಎಲ್ಲಾ ಇವೆ. ಕೊಂಡದ್ದರ ಬಗ್ಗೆ ಜಂಬ ಕೊಚ್ಚುವುದಕ್ಕಿಂತ, ಕಟ್ಟಿ ಅಳೆದು ನೋಡಿದ್ದರ ಬಗ್ಗೆ ನಾಲ್ಕು ಮಾತಾಡೋಣ. ಎಂಜಿನಿಯರಿಂಗ್ ಓದೋರಿಗೆ ಅದೇ ಶೋಭೆ.