ಕೌದಿ ಹೊಲಿದಾಕೆಯ ಹೆಸರೇನು?

ಕಳೆದ ಸಲ ಹೈದರಾಬಾದಿನಲ್ಲಿ ಮನೆ ಬದಲಿಸಿದಾಗ, ಸಾಮಾನು ಕಟ್ಟುವ ಹುಡುಗ ನಮ್ಮ ಟಿವಿಗೆ ಊರಿನ ಕೌದಿ ಸುತ್ತಿದ. ‘ಹಳೇದು, ನಡೀತದ’ ಅಂದೆ. ಅಜ್ಜಿಯ ಎರಡು ಇಳಕಲ್ ಸೀರೆ, ಅಜ್ಜನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ ಸೇರಿ ಆಗಿದ್ದ ಕೌದಿ. ಅದೇ ತಿಂಗಳು ಒಂದು ಗ್ಯಾಲರಿಯಲ್ಲಿ ತುಂಡುಬಟ್ಟೆಯ ಕಲಾಕೃತಿಯ ಮುಂದೆ ನಿಂತು ಫೋಟೋ ತೆಗೆದು, ‘ನಮ್ಮ ಪರಂಪರೆ’ ಅಂತ ಸ್ಟೇಟಸ್ ಹಾಕಿದವನೂ ನಾನೇ. ಈ ಬರಹ ನನ್ನಂಥವರ ವಿರುದ್ಧ.

ಕಲಾವಿದರ ಮೇಲೆ ನನಗೆ ದೂರಿಲ್ಲ. ಇದೇ ಊರಿನ ವರುಣಿಕಾ ಸರಾಫ್ ‘ವಿ, ದ ಪೀಪಲ್’ ಕೃತಿಯಲ್ಲಿ ಸ್ವತಂತ್ರ ಭಾರತದ ಚರಿತ್ರೆಯನ್ನು ಹತ್ತಿಬಟ್ಟೆಯ ಮೇಲೆ ದಾರದಲ್ಲಿ ಹೇಳಿದ್ದಾರೆ. ಸೂಜಿಯೂ ಯೋಚಿಸಬಲ್ಲದು ಅನ್ನೋದಕ್ಕೆ ಅದು ಸಾಕ್ಷಿ. ತಕರಾರು ಇರುವುದು ನೋಡುವ ನಮ್ಮ ಮೇಲೆ. ಬಟ್ಟೆ ಗೋಡೆಗೆ ಏರಿದರೆ ಕಲೆ ಅನ್ನುತ್ತೇವೆ, ಹಾಸಿಗೆಯ ಮೇಲಿದ್ದರೆ ಬಡತನದ ಉಪಾಯ ಅನ್ನುತ್ತೇವೆ.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಪುಟ್ಟ ತುಂಡುಗಳ ‘ಫೂಲ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಚಳಿ ತಡೆಯುವುದಷ್ಟೇ ಕೆಲಸವಾಗಿದ್ದರೆ ಮೂಲೆಗೆ ಹೂವು ಯಾಕೆ? ಅಲ್ಲಿ ಆಯ್ಕೆಯಿದೆ, ಅಭಿರುಚಿಯಿದೆ, ನಿಯಮವಿದೆ. ನಾವು ಅದನ್ನೆಲ್ಲ ‘ಜಾನಪದ’ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇವೆ.

‘ಕೌದಿ ಎಲ್ಲರದು, ಅದಕ್ಕೆ ಹೆಸರೇಕೆ?’ ಅನ್ನುವವರಿದ್ದಾರೆ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿನ ಕಪ್ಪು ಹೆಂಗಸರು ಹೊಲದ ಕೆಲಸಕ್ಕೆ ಹಾಕಿ ಸವೆದ ಜೀನ್ಸುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ, ಆಮೇಲೆ ನ್ಯೂಯಾರ್ಕಿನ ಮ್ಯೂಸಿಯಂ ಗೋಡೆಗಳಿಗೆ ಏರಿದವು. ಆನಿ ಮೇ ಯಂಗ್, ಲೊರೆಟಾ ಪೆಟ್‌ವೇ ಎಂಬ ಹೆಸರುಗಳ ಸಮೇತ. 2007ರಲ್ಲಿ ಇವರಿಬ್ಬರೂ ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಕೋರ್ಟಿಗೆ ಹೋದರು. ಹೆಸರಿದ್ದರೆ ಮಾತ್ರ ಲೆಕ್ಕ ಕೇಳಬಹುದು. ‘ಎಲ್ಲರದು’ ಅಂದುಬಿಟ್ಟರೆ ಯಾರಿಗೂ ಕೊಡಬೇಕಾಗಿಲ್ಲ, ನಮಗೆ ಅದೇ ಅನುಕೂಲ.

ನಮ್ಮ ಕೌದಿಯನ್ನು ಹೊಲಿದದ್ದು ಅಜ್ಜಿಯಲ್ಲ. ಬೇಸಿಗೆಯಲ್ಲಿ ಊರೂರು ತಿರುಗಿ ಹೊಲಿಯಲು ಬರುತ್ತಿದ್ದ ಒಬ್ಬಾಕೆ. ಅವ್ವನಿಗೆ ಫೋನ್ ಮಾಡಿ ಹೆಸರು ಕೇಳಿದೆ. ‘ನಾಕು ಸೇರು ಜ್ವಾಳ ಕೊಟ್ಟಿದ್ವಿ’ ಅಂದಳು. ಹೆಸರು ನೆನಪಿಲ್ಲ. ಕೊಟ್ಟ ಜೋಳದ ಲೆಕ್ಕ ಮನೆಯಲ್ಲಿ ಉಳಿದಿದೆ, ಹೊಲಿದಾಕೆಯ ಹೆಸರಿಲ್ಲ.

ಆದ್ದರಿಂದ, ಪರದೇಶದ ಗೆಳೆಯರಿಗೆ ಉಡುಗೊರೆ ಅಂತ ಕೌದಿ ಕೊಳ್ಳುವವರು ಮೊದಲು ಹೊಲಿದವರ ಹೆಸರು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ. ಬೆಲೆ ಚೌಕಾಸಿ ಮಾಡುವ ಮುನ್ನ ಎಷ್ಟು ದಿನ ಹಿಡಿಯಿತೆಂದು ಕೇಳಿ, ನಿಮ್ಮ ಒಂದು ದಿನದ ಸಂಬಳದ ಪಕ್ಕ ಇಟ್ಟು ನೋಡಿ. ಊರಲ್ಲಿ ನೆನಪಿರುವ ಹಿರಿಯರು ಇನ್ನೂ ಇದ್ದರೆ ಈ ಹಬ್ಬಕ್ಕೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ. ನಾನು ಕೇಳುವುದು ತಡವಾಯಿತು.