ಮಗಳ ಕೈಯಲ್ಲಿ ರಕ್ತಪಿಶಾಚಿ ಪುಸ್ತಕವೇ? ಗಾಬರಿ ಬೇಡ!

ಟಿ. ದಾಸರಹಳ್ಳಿಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ. ಮಗಳು ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮೊನ್ನೆ ಶಾಲೆಯ ಲೈಬ್ರರಿಯಿಂದ 'ಇಸಡೋರಾ ಮೂನ್' ಅಂತ ಒಂದು ಪುಸ್ತಕ ತಂದಳಂತೆ. ರಟ್ಟಿನ ಮೇಲೆ ಕಪ್ಪು ಬಟ್ಟೆ ತೊಟ್ಟ, ಬಾವಲಿ ರೆಕ್ಕೆಯ ಪುಟ್ಟ ಹುಡುಗಿ. ಊಟಕ್ಕೆ ಕರೆದರೂ ಬರೋದಿಲ್ಲ, ಅದನ್ನೇ ಹಿಡಿದು ಕೂತಿರುತ್ತಾಳೆ. ಅತ್ತೆಯವರು ಚಿತ್ರ ನೋಡಿ, "ಅಮಾವಾಸ್ಯೆ ದಿನ ದೆವ್ವದ ಪುಸ್ತಕ ಮನೇಲಿಟ್ಕೊಂಡಿದ್ದೀರಲ್ಲ, ಮಗು ಬೆಚ್ಚಿಬಿದ್ರೆ ಏನು ಗತಿ?" ಎಂದು ನಿಂಬೆಹಣ್ಣು ನಿವಾಳಿಸಿದ್ದೂ ಆಯಿತಂತೆ. "ಪುಸ್ತಕ ಕಿತ್ತಿಡಲೇ, ಸುಮ್ಮನೆ ಬಿಡಲೇ?" ಎಂಬುದು ಈ ತಾಯಿಯ ಪ್ರಶ್ನೆ.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. "ಅದರಲ್ಲಿ ಏನಿದೆ ಪುಟ್ಟಾ ಅಂತ ಕೇಳಿದರೆ, ನಿಂಗೆ ಗೊತ್ತಾಗಲ್ಲ ಬಿಡಮ್ಮ, ಅದು ಇಂಗ್ಲಿಷ್ ಅಂತಾಳೆ."

ಮೊದಲು ದೆವ್ವದ ವಿಷಯ ಮುಗಿಸೋಣ, ಗೆಳತಿಯರೇ. ಈ ಸಾಲಿಗೆ ಆಮೇಲೆ ಬರೋಣ.

ಹ್ಯಾರಿಯೆಟ್ ಮನ್‌ಕಾಸ್ಟರ್ ಎಂಬ ಇಂಗ್ಲೆಂಡಿನ ಲೇಖಕಿ ತಾವೇ ಬರೆದು, ತಾವೇ ಚಿತ್ರ ಬಿಡಿಸುವ ಸರಣಿ ಇದು. ಮೊದಲ ಪುಸ್ತಕ ಬಂದದ್ದು 2016ರಲ್ಲಿ. ಇಸಡೋರಾಳ ಅಮ್ಮ ಕಿನ್ನರಿ, ಅಪ್ಪ ವ್ಯಾಂಪೈರ್, ಅಂದರೆ ರಕ್ತಪಿಶಾಚಿ. ಆದರೆ ಈ ಅಪ್ಪ ರಕ್ತದ ತಂಟೆಗೇ ಹೋಗುವವರಲ್ಲ. ಕೆಂಪು ಬಣ್ಣದ ತಿಂಡಿ ಇದ್ದರೆ ಸಾಕು, ಟೊಮೆಟೊ ಅಂದರೆ ಪ್ರಾಣ! ಮಗಳಿಗೋ ಟೊಮೆಟೊ ಕಂಡರಾಗದು. ಅಮ್ಮನ ಮಂತ್ರದಿಂದ ಜೀವ ಬಂದ ಗುಲಾಬಿ ಮೊಲದ ಗೊಂಬೆಯೊಂದು ಇವಳ ಜತೆಗಾರ. ಇದರಲ್ಲಿ ಹೆದರುವಂಥದ್ದು ಏನಿದೆ, ನೀವೇ ಹೇಳಿ.

ನಾವೇನು ದೆವ್ವದ ಕಥೆ ಓದದೆ ಬೆಳೆದವರೇ? ಕನ್ನಡದಲ್ಲಿ 1949ರಲ್ಲಿ ಶುರುವಾಗಿ ಈಗ ನಿಂತುಹೋಗಿರುವ 'ಚಂದಮಾಮ' ಬಂದ ಕೂಡಲೇ ನಾವು ತೆಗೆಯುತ್ತಿದ್ದುದು ಯಾವ ಪುಟ? ವಿಕ್ರಮ–ಬೇತಾಳ. ಸ್ಮಶಾನ, ಮರಕ್ಕೆ ನೇತಾಡುವ ಹೆಣ, ಹೆಣದೊಳಗಿಂದ ಮಾತಾಡುವ ಬೇತಾಳ. ಇದಕ್ಕಿಂತ ಭಯಂಕರ ಇನ್ನೇನು ಬೇಕು? ಆದರೂ ನಮಗೆ ನೆನಪಿರುವುದು ಬೇತಾಳ ಕೇಳುತ್ತಿದ್ದ ಜಾಣ ಪ್ರಶ್ನೆಗಳೇ. ಇನ್ನೊಂದು ಸ್ವಾರಸ್ಯ ಕೇಳಿ. 1870ರಲ್ಲಿ ರಿಚರ್ಡ್ ಬರ್ಟನ್ ಎಂಬುವರು ಈ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಇಟ್ಟ ಹೆಸರು 'ವಿಕ್ರಮ್ ಅಂಡ್ ದಿ ವ್ಯಾಂಪೈರ್'. ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' ಬಂದದ್ದು 1897ರಲ್ಲಿ, ಅದಕ್ಕೂ 27 ವರ್ಷ ಆದಮೇಲೆ. ಅಂದರೆ ನಿಮ್ಮ ಮಗಳ ವ್ಯಾಂಪೈರ್ ನಮ್ಮ ಬೇತಾಳನ ದೂರದ ನೆಂಟನೇ ಸರಿ.

'ನಾಳೆ ಬಾ' ನೆನಪಿದೆಯೇ? 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಎಷ್ಟೊಂದು ಮನೆಗಳ ಬಾಗಿಲ ಮೇಲೆ ಈ ಎರಡು ಪದ! ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು ಅಂತ ಸುದ್ದಿ. ಬರಹ ಓದಿ ದೆವ್ವ ವಾಪಸ್ ಹೋಗಬೇಕು, ಮರುದಿನ ಬಂದು ಮತ್ತೆ ಓದಬೇಕು. ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂದು ನಂಬಿದ್ದವರು ನಾವು! 2018ರಲ್ಲಿ ಬಂದ ಹಿಂದಿಯ 'ಸ್ತ್ರೀ' ಚಿತ್ರದಲ್ಲೂ ಗೋಡೆಗಳ ಮೇಲೆ ಇಂಥದ್ದೇ ಬರಹ ಇತ್ತು.

ಇಷ್ಟಕ್ಕೂ ಮಕ್ಕಳನ್ನು ನಿಜವಾಗಿ ಹೆದರಿಸುವವರು ಯಾರು? "ತುತ್ತು ನುಂಗು, ಇಲ್ಲಾಂದ್ರೆ ಗುಮ್ಮ ಬರ್ತಾನೆ" ಅನ್ನುವವರು ನಾವೇ ಅಲ್ಲವೇ? ಪುಸ್ತಕದ ದೆವ್ವವನ್ನು ಮಗು ಬೇಕೆಂದಾಗ ಮುಚ್ಚಿಡಬಹುದು. ನಾವು ಕರೆಯುವ ಗುಮ್ಮನನ್ನು ಮುಚ್ಚಿಡಲಾಗದು, ಅವನು ಹಾಸಿಗೆವರೆಗೂ ಬರುತ್ತಾನೆ.

ಹಾಗಂತ ರೆಕ್ಕೆ, ಕೋರೆಹಲ್ಲು ಇರುವ ಎಲ್ಲ ಪುಸ್ತಕವೂ ಪುಟ್ಟ ಮಕ್ಕಳಿಗಲ್ಲ. 2003ರಲ್ಲಿ ಶುರುವಾದ 'ರೇನ್‌ಬೋ ಮ್ಯಾಜಿಕ್' ಕಿನ್ನರಿ ಪುಸ್ತಕಗಳು, ಜರ್ಮನಿಯಿಂದ 1979ರಲ್ಲಿ ಬಂದ 'ದಿ ಲಿಟಲ್ ವ್ಯಾಂಪೈರ್', ಇವೆಲ್ಲ ತಮಾಷೆಯವು, ಪ್ರೈಮರಿ ಮಕ್ಕಳು ಓದಬಹುದು. ಆದರೆ 2005ರ 'ಟ್ವೈಲೈಟ್' ಹದಿಹರೆಯದವರ ಪ್ರೇಮಕಥೆ. ವ್ಯಾಂಪೈರ್ ಇದೆ ಅಂದ ಮಾತ್ರಕ್ಕೆ ಎಂಟು ವರ್ಷದ ಮಗುವಿಗೆ ಅದನ್ನು ಕೊಡಬೇಡಿ.

ಈಗ ಆ ಕೊನೆಯ ಸಾಲಿಗೆ ಬರೋಣ. ನಿಮಗೆ ಚುಚ್ಚಿದ್ದು ದೆವ್ವವಲ್ಲ, "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಅನ್ನೋ ಮಾತು, ನಿಜ ತಾನೇ? ಮಗಳು ನಮ್ಮ ಕೈಗೆಟುಕದ ಲೋಕಕ್ಕೆ ಹೋಗುತ್ತಿದ್ದಾಳೆ ಎಂಬ ಸಂಕಟ ಅದು. ಹಾಗಿದ್ದರೆ ಆ ಪುಸ್ತಕದ ಕಥೆ ನೀವು ತಿಳಿಯಲೇಬೇಕು. ಇಸಡೋರಾಳನ್ನು ಕಿನ್ನರಿ ಶಾಲೆಗೆ ಸೇರಿಸಬೇಕೆಂದು ಅಮ್ಮನ ಆಸೆ, ವ್ಯಾಂಪೈರ್ ಶಾಲೆಗೆ ಸೇರಿಸಬೇಕೆಂದು ಅಪ್ಪನ ಆಸೆ. ಎರಡೂ ಕಡೆ ಹೋಗಿ ನೋಡುತ್ತಾಳೆ, ಎರಡೂ ಕಡೆ ಹೊಂದೋದಿಲ್ಲ. ಕೊನೆಗೆ ಮನುಷ್ಯರ ಮಕ್ಕಳ ಶಾಲೆ ಸೇರುತ್ತಾಳೆ. ಅಲ್ಲಿ ಒಬ್ಬೊಬ್ಬರೂ ಒಂದೊಂದು ಥರ!

ನಿಮ್ಮ ಮಗಳಿಗೆ ಇದು ಯಾಕೆ ಇಷ್ಟವಾಯಿತು, ಯೋಚಿಸಿ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ರಜೆಯಲ್ಲಿ ಊರಿಗೆ ಹೋದರೆ "ಬೆಂಗಳೂರ್ ಹುಡುಗಿ" ಅಂತಾರೆ, ಕ್ಲಾಸಿನಲ್ಲಿ ಮನೆಯ ಮಾತು ಬಾಯಿಗೆ ಬಂದರೆ ನಗ್ತಾರೆ. ದಾಸರಹಳ್ಳಿಯಂಥ ಕಡೆ ಬೆಳೆಯುವ ಎಷ್ಟೋ ಮಕ್ಕಳು ಹೀಗೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಹಾಗಿದ್ದರೂ ಪರವಾಗಿಲ್ಲ, ನೀನು ಸರಿಯಾಗೇ ಇದ್ದೀಯ ಅಂತ ಆ ಪುಸ್ತಕ ಅವಳಿಗೆ ಹೇಳುತ್ತಿದೆ. ಈ ಮಾತನ್ನು ಅವಳು ನಿಮ್ಮಿಂದಲೂ ಕೇಳಬೇಕು.

ಹೀಗೆ ಮಾಡಿ ನೋಡಿ:

* ಪುಸ್ತಕ ಕಿತ್ತುಕೊಳ್ಳಬೇಡಿ. ರಾತ್ರಿ ಪಕ್ಕದಲ್ಲಿ ಕೂತು "ನಂಗೆ ಕನ್ನಡದಲ್ಲಿ ಹೇಳು" ಅನ್ನಿ. ಅವಳು ಟೀಚರ್, ನೀವು ಸ್ಟೂಡೆಂಟ್. ಅವಳ ಕನ್ನಡವೂ ಬೆಳೆಯುತ್ತದೆ.

* ಅವಳದೊಂದು ಕಥೆಗೆ ನಿಮ್ಮದೊಂದು ಕಥೆ. ಬೇತಾಳ, ನಾಳೆ ಬಾ, ಏನಾದರೂ ಸರಿ. ಅತ್ತೆಯವರನ್ನೂ ಕೂರಿಸಿಕೊಳ್ಳಿ. ಊರಿನ ಕಥೆಗಳ ಗಂಟು ಅವರ ಹತ್ತಿರ ನಿಮಗಿಂತ ದೊಡ್ಡದಿರುತ್ತದೆ.

* ಮಗು ನಿಜವಾಗಿ ಹೆದರಿದರೆ ನಗಬೇಡಿ, ಬೈಯಬೇಡಿ. ಆ ಪುಸ್ತಕವನ್ನು ಹಗಲಿಗೆ ಮೀಸಲಿಡಿ, ರಾತ್ರಿ ಸಣ್ಣ ದೀಪ ಹಾಕಿಡಿ.

* ಹಣ ಸುರಿದು ಪುಸ್ತಕ ಕೊಳ್ಳಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳನ್ನು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಒಂದು ದಿನ ಬಿಡುವು ಮಾಡಿಕೊಂಡು ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಅಲ್ಲಿನ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯವನ್ನು ಮಗಳಿಗೆ ತೋರಿಸಿ.

ಹದಿನೈದು ದಿನ ಬಿಟ್ಟು ನಮಗೆ ಮತ್ತೆ ಬರೆಯಿರಿ. ಮಗಳು ಈಗ "ನಿಂಗೆ ಗೊತ್ತಾಗಲ್ಲ" ಅಂತಾಳೋ, "ಅಮ್ಮ, ಇವತ್ತು ಯಾವ ದೆವ್ವ?" ಅಂತಾಳೋ ತಿಳಿಸಿ. ನಿಂಬೆಹಣ್ಣು ಉಳಿದಿದ್ದರೆ ಪಾನಕ ಮಾಡಿ, ಕಥೆ ಕೇಳ್ತಾ ಎಲ್ಲರೂ ಕುಡಿಯಿರಿ. ಏನಂತೀರಿ?