ಶೋಕೇಸಿನೊಳಗಿನ ಮೀಟರು

ಭಾನುವಾರ ಬಂತೆಂದರೆ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ನಿವೃತ್ತ ಇಂಜಿನಿಯರರ ಸಭೆ ಸೇರುತ್ತದೆ. ನಮ್ಮ ಯಜಮಾನರು ಒಬ್ಬರು. ಉಳಿದ ಮೂವರು ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಬಸ್ಸು ಹಿಡಿದು ಬರುತ್ತಾರೆ. ಚಹಾ, ಚೂಡಾ ನನ್ನದು, ಮಾತು ಅವರದು. ಮೊಮ್ಮಕ್ಕಳ ಸುದ್ದಿ ಐದು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಹೊತ್ತು ಮುಳುಗುವವರೆಗೆ ಹಳೆಯ ಮೀಟರುಗಳದ್ದೇ ಗುಣಗಾನ.

ಆ ಮೀಟರುಗಳು ನಮ್ಮ ಶೋಕೇಸಿನಲ್ಲಿವೆ. ಕಪ್ಪು ಡಬ್ಬಿಯ ಮುಳ್ಳಿನ ಮಲ್ಟಿಮೀಟರ್, ಬೀಸುವ ಕಲ್ಲಿನ ಹಾಗೆ ಹಿಡಿಕೆ ತಿರುಗಿಸುವ ಮೆಗ್ಗರ್, ಗುಜರಿಯಿಂದ ಬಿಡಿಸಿ ತಂದ ಒಂದು ಆಸಿಲೋಸ್ಕೋಪು. ಅವು ಬಂದ ದಿನ ನನ್ನ ಬೆಳ್ಳಿಯ ಕುಂಕುಮ ಭರಣಿ ಟ್ರಂಕು ಸೇರಿತು. ಒರೆಸಲು ಹೋದರೆ ಸವದತ್ತಿಯವರು, "ವೈನೀ, ಅದನ್ನ ಮುಟ್ಟಬ್ಯಾಡ್ರಿ, ಅದು ನಮ್ಮ ದೋಸ್ತನ ಮೊದಲನೇ ಹೆಂಡ್ತಿ" ಎನ್ನುತ್ತಾರೆ. ನಾಲ್ವರೂ ಹೊಟ್ಟೆ ಹಿಡಿದು ನಗುತ್ತಾರೆ.

ಇವರ ನಗೆಯಲ್ಲಿ ಚೆಂದದ್ದೂ ಉಂಟು. ಯಂತ್ರ ನಡೆಯುವುದೇ ಒಳಗಿರುವ ಹೊಗೆಯಿಂದ, ಹೊಗೆ ಹೊರಗೆ ಬಂತೋ ಯಂತ್ರ ಸತ್ತಿತು, ಅದೇ ಸಾಕ್ಷಿ ಎನ್ನುತ್ತಾರೆ. ನನ್ನ ಮಿಕ್ಸರು ಸುಟ್ಟ ದಿನ ನನಗೂ ಇದು ನೆನಪಾಗಿ ನಗು ಬಂತು. ಆದರೆ ರೆಸಿಸ್ಟರಿನ ಬಣ್ಣದ ಪಟ್ಟಿ ಓದಲು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೊಂದಿದೆ: ಗ್ರೇಟ್ ಬ್ರಿಟನ್ನಿನ ಬಿ. ಬಿ. ರಾಯ್ ಎಂಬವನಿಗೆ ವೆರಿ ಗುಡ್ ವೈಫ್ ಇದ್ದಳಂತೆ. ಬ್ಲ್ಯಾಕ್, ಬ್ರೌನಿನಿಂದ ಶುರುವಾಗಿ ಕೊನೆಯ ವೈಫ್ ಎಂದರೆ ವೈಟ್, ಒಂಬತ್ತು. ಗಂಡನಿಗೆ ಹೆಸರಿದೆ, ಇನಿಷಿಯಲ್ಲಿದೆ, ದೇಶವಿದೆ. ಅವಳಿಗೆ ಗುಡ್ ಎಂಬ ಸರ್ಟಿಫಿಕೇಟು ಮಾತ್ರ. ಇದು ಸಭ್ಯವಾದದ್ದು ನೋಡಿ. ಬೇರೆಯವೂ ಇವೆ, ನಾನು ತಟ್ಟೆ ಹಿಡಿದು ಬಂದಾಗ ನುಂಗಿಕೊಳ್ಳುತ್ತಾರೆ.

ಮೀಟರಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತವರು ರಾಮದುರ್ಗ. ಕಾಕಾ ಅಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ನಮ್ಮ ಕಡೆ ರೇಡಿಯೋ ಕೊಂಡವರ ಕಥೆಗಳನ್ನು ಅವರ ಬಾಯಿಂದಲೇ ಕೇಳಿದ್ದು. ಶಾಲೆ ಬಿಟ್ಟೊಡನೆ ನಾನು ಅಂಗಡಿಗೆ ಓಡುತ್ತಿದ್ದೆ. ಕೆಂಪು ಕಪ್ಪು ಕಡ್ಡಿಗಳನ್ನು ಕೂಡಿಸಿದರೆ ಮುಳ್ಳು ಸೊನ್ನೆಗೆ ಬರಬೇಕು, ಬಾರದಿದ್ದರೆ ಗುಂಡಿ ತಿರುವಿ ತರಬೇಕು. ಕೆಪಾಸಿಟರ್ ಚೊಲೊ ಇದ್ದರೆ ಮುಳ್ಳು ಜಿಗಿದು, ಮೆಲ್ಲಗೆ ಹಿಂದೆ ಸರಿಯಬೇಕು. ಇಷ್ಟನ್ನು ನಾನು ಹತ್ತು ವರ್ಷದವಳಿದ್ದಾಗಲೇ ಕಲಿತೆ. ಹದಿಮೂರು ತುಂಬಿದೊಡನೆ, "ಇನ್ನ ಅಂಗಡ್ಯಾಗ ಕೂಡೂದು ಬ್ಯಾಡ" ಅಂದರು. ನನ್ನ ಸ್ಟೂಲಿನ ಮೇಲೆ ತಮ್ಮ ಕುಳಿತ. ಅವನಿಗೆ ಆ ಕೆಲಸ ಬೇಸರ.

ಬ್ರಿಟನ್ನಿನ ಪೋಸ್ಟ್ ಆಫೀಸಿನ ಇಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬಾತ ಟೆಲಿಫೋನ್ ದುರಸ್ತಿಗೆ ಹಲವು ಮೀಟರು ಹೊತ್ತು ಬೇಸತ್ತು ಎಲ್ಲವನ್ನೂ ಒಂದರಲ್ಲೇ ಸೇರಿಸಿದ. 1923ರಲ್ಲಿ ಆವೋ ಮೀಟರ್ ಪೇಟೆಗೆ ಬಂತು. ಮಸಾಲೆ ಡಬ್ಬಿ ಇಟ್ಟುಕೊಂಡವರಿಗೆ ಈ ಬುದ್ಧಿ ಹೊಸದೇನಲ್ಲ. ಅಮೆರಿಕದ ಟೆಕ್ಟ್ರಾನಿಕ್ಸ್ ಆಸಿಲೋಸ್ಕೋಪಿನ ಒಳಗಿನ ತಂತಿಗಳ ಜೋಡಣೆ ನೋಡಿ ನಮ್ಮ ಕಿತ್ತೂರಿನವರು ಕಣ್ಣು ಮುಚ್ಚಿ, "ಏನ್ ಕೈ ಅದು!" ಎನ್ನುತ್ತಾರೆ. ಯಾರ ಕೈ? ಆ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತು ಬೆಸುಗೆ ಹಾಕಿದವರಲ್ಲಿ ಹೆಚ್ಚಿನವರು ಹೆಂಗಸರು. ಬೆಂಗಳೂರಿನಲ್ಲಿ 1948ರ ಐ.ಟಿ.ಐ., 1954ರ ಬಿ.ಇ.ಎಲ್. ಕಾರ್ಖಾನೆಗಳ ಸಣ್ಣ ಜೋಡಣೆಯ ಕೆಲಸಕ್ಕೂ ಹೆಣ್ಣುಮಕ್ಕಳೇ ಬೇಕಾದರು. ಮಾಡುವಾಗ ನಮ್ಮ ಬೆರಳು ಬೇಕು, ಮಾಡಿದ್ದನ್ನು ಮುಟ್ಟುವಾಗ ಬೇಡ! ಜಿಮ್ ವಿಲಿಯಮ್ಸ್ ಎಂಬ ದೊಡ್ಡ ಇಂಜಿನಿಯರ್ 2011ರಲ್ಲಿ ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸದ ವಸ್ತುಸಂಗ್ರಹಾಲಯದವರು ಹಳೇ ಉಪಕರಣಗಳಿಂದ ತುಂಬಿ ಹರಡಿಕೊಂಡಿದ್ದ ಅವರ ಮೇಜನ್ನೇ ತಂದು ಪ್ರದರ್ಶನಕ್ಕಿಟ್ಟರು. ಗಂಡಸಿನ ಹರಡಿದ ಮೇಜು ಮ್ಯೂಸಿಯಂ ಸೇರುತ್ತದೆ. ನಮ್ಮ ಅಡಿಗೆಕಟ್ಟೆ ಹರಡಿದ್ದರೆ ಅತ್ತೆಯವರು ಏನಂದಾರೆಂದು ನಿಮಗೆ ಗೊತ್ತೇ ಇದೆ.

ಇದೆಲ್ಲ ನಕ್ಕು ಬಿಡಬಹುದಾದ ಮಾತು. ಹೋದ ಮಳೆಗಾಲದ್ದು ಹಾಗಲ್ಲ.

ಹಿತ್ತಲಿನ ವಾಷಿಂಗ್ ಮಶಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ಪಾತ್ರೆ ತಿಕ್ಕುವವಳು ಎರಡು ಸಲ ಹೇಳಿದಳು. ಯಜಮಾನರಿಗೆ ಹೇಳಿದೆ. "ಚಪ್ಪಲಿ ಹಾಕ್ಕೊಳ್ಳಾಕ ಹೇಳು" ಅಂದರು. ಭಾನುವಾರದ ಸಭೆಯಲ್ಲಿ ಹೇಳಿದೆ. "ಪುಕ್ಕಟೆ ಮಸಾಜ್ ರೀ ವೈನಿ!" ಎಂದು ಮತ್ತೆ ನಗೆ. ನಾಲ್ಕು ಡಿಗ್ರಿ, ಮೂರು ಉಪಕರಣ, ಹತ್ತು ಹೆಜ್ಜೆ ದೂರದಲ್ಲಿ ಹಿತ್ತಲು. ಒಬ್ಬರೂ ಏಳಲಿಲ್ಲ.

ಮರುದಿನ ಅವರು ಬ್ಯಾಂಕಿಗೆ ಹೋದಾಗ ಶೋಕೇಸು ತೆಗೆದೆ. ರಬ್ಬರ್ ಚಪ್ಪಲಿ ಮೆಟ್ಟಿದೆ. ಕಾಕಾ ಕಲಿಸಿದಂತೆ ಮೀಟರನ್ನು ಏ.ಸಿ.ಯ ಎಲ್ಲಕ್ಕೂ ದೊಡ್ಡ ಅಳತೆಗಿಟ್ಟು, ಒಂದು ತಂತಿಯನ್ನು ಕಬ್ಬಿಣದ ನಳದ ಪೈಪಿಗೆ ಕ್ಲಿಪ್ಪಿನಿಂದ ಸಿಕ್ಕಿಸಿ, ಇನ್ನೊಂದನ್ನು ಒಂದೇ ಕೈಯಲ್ಲಿ ಹಿಡಿದು ಮಶಿನ್ನಿನ ಮೈಗೆ ತಾಗಿಸಿದೆ. ಮುಳ್ಳು 70 ದಾಟಿ ನಿಂತಿತು. ಡಿಜಿಟಲ್ ಮೀಟರು ಕೆಲವೊಮ್ಮೆ ಪಕ್ಕದ ತಂತಿಯ ಸೋಂಕಿಗೇ ಹುಸಿ ವೋಲ್ಟೇಜು ತೋರಿಸುತ್ತದೆ. ಮುಳ್ಳಿನ ಮೀಟರು ಏಳಬೇಕಾದರೆ ಒಂದಿಷ್ಟು ಕರೆಂಟು ಕುಡಿಯಬೇಕು, ಹುಸಿಯಾದರೆ ಅದು ಅಲ್ಲೇ ಕುಸಿಯುತ್ತದೆ. ಇದು ಚಹಾ ಕೊಡುತ್ತ ಆ ನಾಲ್ವರಿಂದಲೇ ಕೇಳಿ ತಿಳಿದದ್ದು. ಹಾಗಾಗಿ ಮಶಿನ್ನಿನ ಪ್ಲಗ್ಗು ಕಿತ್ತು, ವೈರ್‌ಮನ್ನನನ್ನು ಕರೆಸಿದೆ. ತುಳಸಿಕಟ್ಟೆಯ ಹಿಂದೆ, ಇದ್ದಲಿ ಉಪ್ಪು ಹಾಕಿ ಹೂತ ಅರ್ಥಿಂಗ್ ಪೈಪಿನ ತುದಿಯಲ್ಲಿ ತಂತಿ ತುಕ್ಕು ಹಿಡಿದು ಕಡಿದೇ ಹೋಗಿತ್ತು. ಮಶಿನ್ನಿನ ಒಳಗೂ ಒಂದು ವೈರಿನ ಮೇಲಿನ ಕವಚ ಸವೆದಿತ್ತು. ಎರಡನ್ನೂ ಸರಿಮಾಡಿಸಿ ಮತ್ತೆ ನೋಡಿದೆ. ಮುಳ್ಳು ಮಿಸುಕಲಿಲ್ಲ.

ಆ ತನಕ ಆ ಹೆಣ್ಣುಮಗಳು ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು.

ಯಜಮಾನರಿಗೆ ಅಂದೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೀಟರಿಗೇನೂ ಆಗಿಲ್ಲಲ್ಲ?" ಎಂದು ಕೇಳಿದರು. ನಗೆಯಾಡಿದರೋ ನಿಜವಾಗಿ ಕೇಳಿದರೋ, ಮೂವತ್ತೆಂಟು ವರ್ಷ ಸಂಸಾರ ಮಾಡಿದ ನನಗೂ ತಿಳಿಯಲಿಲ್ಲ.

ಮುಂದಿನ ಭಾನುವಾರ ಶೋಕೇಸಿನಲ್ಲಿ ಕುಂಕುಮ ಭರಣಿ ಇತ್ತು. ಸವದತ್ತಿಯವರು ಕನ್ನಡಕ ಏರಿಸಿ, "ವೈನೀ, ಮೀಟರ್ ಎಲ್ಲಿ ಹೋತು?" ಅಂದರು. "ಅಡಿಗಿಮನ್ಯಾಗ ಐತ್ರಿ, ಕಾಳಿನ ಡಬ್ಬಿ ಬಾಜೂಕ. ಒಳಗಿನ ಸೆಲ್ ಇಳದೈತಿ, ಮುಂದಿನ ವಾರ ಬರುವಾಗ ಒಂದೂವರೆ ವೋಲ್ಟಿಂದು ಒಂದು ತಗೊಂಡ ಬರ್ರಿ" ಅಂದೆ.